ಸಾವಿರ ಸಬ್‌ಸ್ಕ್ರೈಬರ್ ಯಾಕೆ, ನಾನ್ನೂರು ಮನೆ ಸಾಕು

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಯಾವ ಜಮಾಅತಿಗೆ ಹೋದರೂ ಈಗ ಒಂದೆರಡು ಯೂಟ್ಯೂಬ್ ಚಾನೆಲ್ ಉಂಟು. ಒಬ್ಬ ಹುಡುಗ ಮದುವೆ, ಉದ್ಘಾಟನೆ, ಫುಟ್ಬಾಲ್ ಪಂದ್ಯ ಹಾಕುತ್ತಾನೆ. ಇನ್ನೊಬ್ಬ ಊರಿನ ಸುದ್ದಿ ಓದುತ್ತಾನೆ. ಒಂದು ಮನೆಯಲ್ಲಿ ತಾಯಿ ಅಡುಗೆ ಮಾಡುತ್ತಾರೆ, ಮಗಳು ಮೊಬೈಲ್ ಹಿಡಿಯುತ್ತಾಳೆ. ಮುಖ ಕಾಣಿಸುವುದಿಲ್ಲ, ಕೈ ಮತ್ತು ಸ್ವರ ಮಾತ್ರ. ಸುರುವಿಗೆ ಉತ್ಸಾಹ ಜೋರು. ಮೊದಲ ನೂರು ಸಬ್‌ಸ್ಕ್ರೈಬರ್ ಸಂಬಂಧಿಕರಿಂದಲೇ ಸಿಗುತ್ತಾರೆ, ಎರಡನೇ ನೂರು ಗಲ್ಫಿನ ಗೆಳೆಯರಿಂದ. ಆಮೇಲೆ ಗಾಡಿ ನಿಲ್ಲುತ್ತದೆ. ಆರು ತಿಂಗಳು ಕಳೆದರೂ ಸಂಖ್ಯೆ ಅಲ್ಲಿಂದ ಅಲ್ಲಾಡುವುದಿಲ್ಲ. ಕೆಲವರು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸಂಖ್ಯೆ ಏರಿಸಲಿಕ್ಕೆ ಮಾಡಬಾರದ ಕೆಲಸಕ್ಕೆ ಇಳಿಯುತ್ತಾರೆ. ಈ ಎರಡನೆಯವರ ವಿಷಯ ಅವರ ಮನೆಯೊಳಗೇ ಮುಗಿಯುವುದಿಲ್ಲ, ಇಡೀ ಊರನ್ನು ಮುಟ್ಟುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ಕೂತು ಯೋಚಿಸಬೇಕು.

ಇದೆಲ್ಲ ಶುರುವಾಗಿ ಬಹಳ ವರ್ಷ ಆಗಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಇಂಟರ್ನೆಟ್ ಅಗ್ಗವಾಯಿತು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಕೈಗೂ ಮೊಬೈಲ್ ಬಂತು, ಸಮಯವೂ ಸಿಕ್ಕಿತು. ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಭಾರತದಲ್ಲೇ ಮೊದಲು ಪರೀಕ್ಷೆಗೆ ಬಿಟ್ಟಿತು. ಹಾಗೆಂದು ನೆಟ್‌ವರ್ಕ್ ಎಲ್ಲರಿಗೂ ಒಂದೇ ರೀತಿ ಸಿಕ್ಕಿತು ಎಂದಲ್ಲ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶಕ್ಕೇ ಗೊತ್ತಾಯಿತು. ಇಂದಿಗೂ ಗುತ್ತಿಗಾರು, ಸುಬ್ರಹ್ಮಣ್ಯ ಕಡೆಯ ಗುಡ್ಡಗಳಲ್ಲಿ ಒಂದು ವಿಡಿಯೊ ಅಪ್‌ಲೋಡ್ ಮಾಡಬೇಕಾದರೆ ಸಿಗ್ನಲ್ ಸಿಗುವ ಜಾಗ ಹುಡುಕಬೇಕು. ಮಳೆಗಾಲದಲ್ಲಿ ಕರೆಂಟಿನ ಕತೆ ಬೇರೆ ಹೇಳಬೇಕಾಗಿಲ್ಲ. ಇಷ್ಟೆಲ್ಲ ದಾಟಿ ವಿಡಿಯೊ ಮಾಡುವ ಮಕ್ಕಳನ್ನು 'ಕೆಲಸ ಇಲ್ಲದವರು' ಎಂದು ತಳ್ಳಿಹಾಕುವುದು ಸರಿಯಲ್ಲ. ಅವರಲ್ಲಿ ಶ್ರಮ ಉಂಟು. ಆ ಶ್ರಮ ಎಲ್ಲಿಗೆ ಹೋಗುತ್ತಿದೆ ಎಂಬುದಷ್ಟೇ ಪ್ರಶ್ನೆ.

ಮೊದಲು ಲೆಕ್ಕ ನೋಡುವ. ಯೂಟ್ಯೂಬಿನಲ್ಲಿ ಜಾಹೀರಾತಿನ ಹಣ ಬರಬೇಕಾದರೆ 1000 ಸಬ್‌ಸ್ಕ್ರೈಬರ್ ಬೇಕು, ಜತೆಗೆ ಹಿಂದಿನ 12 ತಿಂಗಳಲ್ಲಿ ಜನರು ಆ ಚಾನೆಲನ್ನು ಒಟ್ಟು 4000 ಗಂಟೆ ನೋಡಿರಬೇಕು. ಇಲ್ಲದಿದ್ದರೆ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬಂದಿರಬೇಕು. ಈ 1000 ಮತ್ತು 4000ದ ನಿಯಮ 2018ರಲ್ಲಿ ಬಂದದ್ದು. 2023ರಲ್ಲಿ ಒಂದು ಕೆಳಗಿನ ಮೆಟ್ಟಿಲನ್ನೂ ಇಟ್ಟರು: 500 ಸಬ್‌ಸ್ಕ್ರೈಬರ್, 90 ದಿನಗಳಲ್ಲಿ ಮೂರು ವಿಡಿಯೊ, ವರ್ಷಕ್ಕೆ 3000 ಗಂಟೆ. ಆ ಮೆಟ್ಟಿಲಿನಲ್ಲಿ ನೋಡುಗರು ತಾವಾಗಿ ಕೊಡುವ ಹಣ ಪಡೆಯಬಹುದು, ಜಾಹೀರಾತಿನ ಪಾಲು ಸಿಗುವುದಿಲ್ಲ. ಮೇಲಿನ ಮೆಟ್ಟಿಲಿಗೆ ಹೋದರೆ ಉದ್ದದ ವಿಡಿಯೊಗಳ ಜಾಹೀರಾತು ಹಣದಲ್ಲಿ ಶೇ. 55 ಚಾನೆಲಿಗೆ. ಆ ಹಣ ಕೂಡ 100 ಡಾಲರ್ ಆಗುವ ತನಕ ಬ್ಯಾಂಕಿಗೆ ಬರುವುದಿಲ್ಲ. 10 ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಗೂಗಲ್ ಅಂಚೆಯಲ್ಲಿ ಒಂದು ಪಿನ್ ನಂಬರ್ ಕಳಿಸುತ್ತದೆ. ನಮ್ಮ ಪೋಸ್ಟ್‌ಮ್ಯಾನ್‌ಗೆ ಅರ್ಥವಾಗುವ ಹಾಗೆ ಮನೆ ಹೆಸರು, ಗ್ರಾಮ, ಅಂಚೆ ಕಚೇರಿ ಸರಿಯಾಗಿ ಬರೆಯದಿದ್ದರೆ ಆ ಕಾಗದ ಎಲ್ಲೋ ತಿರುಗುತ್ತಾ ಇರುತ್ತದೆ.

4000 ಗಂಟೆ ಅಂದರೆ 2,40,000 ನಿಮಿಷ. ಒಂದು ವಿಡಿಯೊವನ್ನು ಜನ ಸರಾಸರಿ ಮೂರು ನಿಮಿಷ ನೋಡಿ ಬಿಟ್ಟರೆ ಇದಕ್ಕೆ 80,000 ವೀಕ್ಷಣೆ ಬೇಕಾಗುತ್ತದೆ. ವಾರಕ್ಕೊಂದು ವಿಡಿಯೊ ಹಾಕುವವನಿಗೆ ಪ್ರತಿಯೊಂದಕ್ಕೂ 1500ಕ್ಕಿಂತ ಹೆಚ್ಚು ಜನ ಬರಬೇಕು. ಕಡಬದ ಒಂದು ಸಣ್ಣ ಚಾನೆಲಿಗೆ ಇದು ದೊಡ್ಡ ಬೆಟ್ಟ. ಈಗ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ವಾರಕ್ಕೊಂದು 15 ನಿಮಿಷದ ವಿಡಿಯೊ, ಅದನ್ನು ತಪ್ಪದೆ 12 ನಿಮಿಷ ನೋಡುವ ಮನೆಗಳು ಎಷ್ಟು ಬೇಕು? 385. ಅಷ್ಟೇ. 52 ವಾರ ಈ 385 ಮನೆಗಳು ನೋಡಿದರೆ 4000 ಗಂಟೆ ತುಂಬುತ್ತದೆ. ನಾನ್ನೂರು ಎಂದೇ ಇಟ್ಟುಕೊಳ್ಳುವ. ಒಂದೊಂದು ಮನೆಯಲ್ಲಿ ಇಬ್ಬರು ಮೂವರು ತಮ್ಮ ತಮ್ಮ ಮೊಬೈಲಿನಲ್ಲಿ ಸಬ್‌ಸ್ಕ್ರೈಬ್ ಮಾಡಿದರೆ ಸಾವಿರದ ಲೆಕ್ಕವೂ ಅಲ್ಲಿಗೇ ಮುಗಿಯಿತು.

ಮೂರು ತಾಲೂಕುಗಳಲ್ಲಿ ನಮ್ಮವರ ಮನೆಗಳು ಸಾವಿರಾರು ಉಂಟು. ಗಲ್ಫಿನಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಇರುವವರನ್ನು ಸೇರಿಸುವುದೇ ಬೇಡ. ಹಾಗಾದರೆ ಈ ನಾನ್ನೂರು ಮನೆ ಯಾಕೆ ಸಿಗುವುದಿಲ್ಲ?

ಒಂದು ಕಾರಣ ಮಲಯಾಳಂ. ಗಡಿ ದಾಟಿದರೆ ಕಾಸರಗೋಡು, ನಮಗೆ ಆ ಭಾಷೆ ಅರ್ಥವಾಗುತ್ತದೆ, ಅಲ್ಲಿನ ಚಾನೆಲ್‌ಗಳು ದೊಡ್ಡವು. ಪ್ರವಚನ ಇರಲಿ, ಅಡುಗೆ ಇರಲಿ, ತಮಾಷೆ ಇರಲಿ, ಅವರ ಕ್ಯಾಮರಾ, ಅವರ ಬೆಳಕು, ಅವರ ಧ್ವನಿ ಎಲ್ಲ ಚಂದ. ಅವರೊಂದಿಗೆ ಅದೇ ಆಟದಲ್ಲಿ ನಮ್ಮ ಹುಡುಗರು ಗೆಲ್ಲುವುದು ಕಷ್ಟ. ಆದರೆ 2018ರ ಆಗಸ್ಟಿನಲ್ಲಿ ಜೋಡುಪಾಲ ಕಡೆ ಗುಡ್ಡ ಕುಸಿದು ಸಂಪಾಜೆ-ಮಡಿಕೇರಿ ರಸ್ತೆ ಬಂದ್ ಆದಾಗ ಯಾವ ದಾರಿ ತೆರೆದಿದೆ, ಯಾವ ಊರಿನಲ್ಲಿ ಎಂತ ಆಗಿದೆ ಎಂದು ತಿಳಿಯಲು ಜನ ಒದ್ದಾಡಿದ್ದು ನೆನಪಿರಬಹುದು. ಅಂಥ ಹೊತ್ತಿನಲ್ಲಿ ಕೋಟಿ ಸಬ್‌ಸ್ಕ್ರೈಬರ್ ಇರುವ ಚಾನೆಲಿಗಿಂತ ಅರಂತೋಡಿನಲ್ಲೋ ಸಂಪಾಜೆಯಲ್ಲೋ ನಿಂತು ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳುವ ಒಬ್ಬ ಹುಡುಗನಿಗೆ ಬೆಲೆ ಹೆಚ್ಚು. ದೊಡ್ಡವರು ಬಾರದ ಜಾಗ ಸಣ್ಣವರದು.

ಎರಡನೆಯ ಕಾರಣ, ಹೆಚ್ಚಿನ ಚಾನೆಲ್‌ಗಳಿಗೆ ವಿಷಯವೇ ಇಲ್ಲ. ಸೋಮವಾರ ಕ್ರಿಕೆಟ್, ಬುಧವಾರ ಬಿರಿಯಾನಿ, ಶುಕ್ರವಾರ ಪ್ರವಚನದ ತುಂಡು, ಭಾನುವಾರ ಜಲಪಾತಕ್ಕೆ ಟೂರ್. ಬಿರಿಯಾನಿ ನೋಡಲು ಬಂದ ತಾಯಿಗೆ ಕ್ರಿಕೆಟ್ ಬೇಡ, ಕ್ರಿಕೆಟ್ ನೋಡಿದ ಹುಡುಗನಿಗೆ ಬಿರಿಯಾನಿ ಬೇಡ. ಯಾರಿಗೋಸ್ಕರ ಮಾಡುತ್ತಿದ್ದೇವೆ ಎಂದು ಗೊತ್ತಿಲ್ಲದಿದ್ದರೆ ಯೂಟ್ಯೂಬಿಗೂ ಅದನ್ನು ಯಾರಿಗೆ ತೋರಿಸಬೇಕು ಎಂದು ಗೊತ್ತಾಗುವುದಿಲ್ಲ.

ಇದಕ್ಕೆ ಪಾಠ ಹುಡುಕಿ ದೂರ ಹೋಗಬೇಕಾಗಿಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯನ್ನು ನೋಡಿ. ಹೆಸರಿನಲ್ಲೇ ಓದುಗ ಯಾರು ಎಂದು ಉಂಟು. ರಾಜಕೀಯ ಇಲ್ಲ, ಸಿನಿಮಾ ಇಲ್ಲ. ತೋಟದಲ್ಲಿ ಕೆಲಸ ಮಾಡುವವರು ತಮ್ಮ ಅನುಭವವನ್ನು ತಾವೇ ಬರೆದರು, ಇನ್ನೊಬ್ಬ ಕೃಷಿಕ ಅದನ್ನು ಓದಿ ತನ್ನ ತೋಟದಲ್ಲಿ ಮಾಡಿ ನೋಡಿದ. ದೊಡ್ಡ ಪತ್ರಿಕೆಗಳ ಪ್ರಸಾರಕ್ಕೆ ಹೋಲಿಸಿದರೆ ಅದು ಸಣ್ಣದು. ಆದರೆ ದಶಕಗಳ ಕಾಲ ಬಾಳಿತು, ಶ್ರೀಪಡ್ರೆಯವರಂಥ ಪತ್ರಕರ್ತರ ಹೆಸರು ನಾಡಿನಾಚೆಗೂ ಹೋಯಿತು. ಯೂಟ್ಯೂಬಿನಲ್ಲೂ ಉದಾಹರಣೆ ಉಂಟು. ಲಾಕ್‌ಡೌನ್ ಹೊತ್ತಿಗೆ ಬೆಳೆದ 'ಭಟ್ ಎನ್ ಭಟ್' ಚಾನೆಲಿನ ಅಣ್ಣತಮ್ಮಂದಿರು ತಮ್ಮ ಮನೆಯ ತರಕಾರಿ ಅಡುಗೆಯನ್ನು ಮನೆಯ ಮಾತಿನಲ್ಲೇ ತೋರಿಸಿದರು, ಬೇರೆ ವೇಷ ಹಾಕಲಿಲ್ಲ. 'ಡಾ. ಬ್ರೋ' ದೇಶ ದೇಶ ತಿರುಗಿದರೂ ಮಾತು ಕನ್ನಡದ್ದೇ. ಇವರೆಲ್ಲ ಲಕ್ಷಗಟ್ಟಲೆ ಜನರನ್ನು ಮುಟ್ಟಿದರು, ನಾವೂ ಮುಟ್ಟುತ್ತೇವೆ ಎಂದು ಹೇಳಲಿಕ್ಕೆ ಬರುವುದಿಲ್ಲ. ಆದರೆ ಅವರ ಚಾನೆಲಿಗೆ ಹೋದರೆ ಎಂತ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆ ಒಂದು ಗುಣವನ್ನು ನಾವು ಕಲಿಯಬಹುದು.

ನಮ್ಮಲ್ಲಿ ಹೇಳಲು ಎಂತ ಉಂಟು ಎಂದು ಕೇಳುವವರಿದ್ದಾರೆ. ಬೇಕಾದಷ್ಟು ಉಂಟು. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ತಿಂದುಹಾಕಿದೆ, ಅಲ್ಲಿನವರು ಈಗ ಬೇರೆ ಎಂತ ಬೆಳೆಯುತ್ತಿದ್ದಾರೆ ಎಂದು ಒಬ್ಬ ಹುಡುಗ ತಿಂಗಳಿಗೆ ನಾಲ್ಕು ತೋಟಕ್ಕೆ ಹೋಗಿ ಕೇಳಲಿ. ಅಡಿಕೆ ಕೊಯ್ಯಲು ಜನ ಸಿಗದ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ ಹಿಡಿಯುವುದು ಹೇಗೆ ಎಂದು ಕಲಿತವನೊಬ್ಬ ತೋರಿಸಲಿ. ಕಡಬದವರಿಗೆ ತಾಲೂಕು ಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಯಾವ ಕಾಗದ ಬೇಕು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು ಹೇಗೆ, ಗಲ್ಫಿಗೆ ಕಳಿಸುತ್ತೇನೆ ಎನ್ನುವ ಏಜೆಂಟ್ ನೋಂದಾಯಿತನೋ ಅಲ್ಲವೋ ಎಂದು ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡುವುದು ಹೇಗೆ, ಇಂಥದನ್ನು ಬ್ಯಾರಿಯಲ್ಲೇ ಹತ್ತು ನಿಮಿಷ ಹೇಳಿದರೆ ಎಷ್ಟು ಮನೆಗೆ ಉಪಕಾರ ಆಗ್ತದೆ! ಇದನ್ನು ಜನ ಮೂರು ನಿಮಿಷಕ್ಕೆ ಬಿಡುವುದಿಲ್ಲ. ಪೆನ್ನು ಕಾಗದ ಹಿಡಿದು ಕೊನೆಯವರೆಗೆ ನೋಡುತ್ತಾರೆ.

ನಮ್ಮ ಭಾಷೆಯ ವಿಷಯವೂ ಹಾಗೆಯೇ. 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ 'ಬ್ಯಾರಿ' ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವೂ ಸಿಕ್ಕಿತು, ಮರಾಠಿಯ ಒಂದು ಚಿತ್ರದ ಜತೆ ಹಂಚಿಕೊಂಡು. ಆದರೆ ಮನೆಯಲ್ಲಿ ಉಮ್ಮಮ್ಮ ಹೇಳುವ ಗಾದೆ, ಒಗಟು, ಮದುವೆ ಮನೆಯ ಹಳೆ ಪಾಟುಗಳು ಅವರೊಂದಿಗೇ ಹೋಗುತ್ತಿವೆ. ಪುತ್ತೂರು-ಸುಳ್ಯದ ಮಾತು ಮಂಗಳೂರು ಕಡೆಯ ಮಾತಿನ ಹಾಗಿಲ್ಲ, ಆ ವ್ಯತ್ಯಾಸವೂ ಕರಗುತ್ತಿದೆ. ಇದಕ್ಕೆ ದೊಡ್ಡ ಕ್ಯಾಮರಾ ಬೇಡ. ಒಂದು ಮೊಬೈಲ್, ಒಂದು ಸಣ್ಣ ಮೈಕ್, ಸದ್ದಿಲ್ಲದ ಕೋಣೆ ಸಾಕು. ಹಿರಿಯರ ಒಪ್ಪಿಗೆ ಕೇಳಿ, ಮುಖ ಬೇಡ ಎಂದರೆ ಸ್ವರ ಮಾತ್ರ ಹಿಡಿಯಿರಿ. ಕೆಳಗೆ ಕನ್ನಡದಲ್ಲಿ ಬರಹ ಹಾಕಿದರೆ ಬ್ಯಾರಿ ಬಾರದ ನೆರೆಯವರೂ ನೋಡುತ್ತಾರೆ. ಈ ಕೆಲಸದಲ್ಲಿ ಮಲಯಾಳದ ಯಾವ ಚಾನೆಲೂ ನಮಗೆ ಸ್ಪರ್ಧಿ ಅಲ್ಲ.

ಈಗ ಅಡ್ಡದಾರಿಗಳ ಮಾತು. 'ನೀವು ನನ್ನದಕ್ಕೆ ಮಾಡಿ, ನಾನು ನಿಮ್ಮದಕ್ಕೆ ಮಾಡ್ತೇನೆ' ಎಂಬ ವಾಟ್ಸ್ಆ್ಯಪ್ ಗುಂಪುಗಳು ಬೇಕಾದಷ್ಟು ಉಂಟು. ಹಣ ಕೊಟ್ಟರೆ ಸಬ್‌ಸ್ಕ್ರೈಬರ್ ಮಾರುವವರೂ ಇದ್ದಾರೆ. ಎರಡೂ ಯೂಟ್ಯೂಬಿನ ನಿಯಮಕ್ಕೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಹೀಗೆ ಬಂದವರು ವಿಡಿಯೊ ನೋಡುವುದಿಲ್ಲ. ಸಂಖ್ಯೆ ಏರಿ, ಗಂಟೆ ಏರದೆ ಚಾನೆಲ್ ಅಲ್ಲಿಯೇ ಕೂರುತ್ತದೆ. ಮಲಯಾಳಂ ಉಸ್ತಾದರ ಪ್ರವಚನವನ್ನು ಕತ್ತರಿಸಿ ಮೇಲೆ ತನ್ನ ಲೋಗೊ ಹಾಕುವುದು ಇನ್ನೊಂದು ಚಾಳಿ. ಅದು ಇನ್ನೊಬ್ಬರ ಸೊತ್ತು. ಮಾಲೀಕರು ದೂರು ಕೊಟ್ಟರೆ ಕೃತಿಸ್ವಾಮ್ಯದ ಸ್ಟ್ರೈಕ್ ಬರುತ್ತದೆ, 90 ದಿನಗಳೊಳಗೆ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ದೂರು ಬಾರದಿದ್ದರೂ ಬೇರೆಯವರ ವಿಡಿಯೊ ತುಂಬಿದ ಚಾನೆಲಿಗೆ ಹಣದ ಬಾಗಿಲು ತೆರೆಯುವುದಿಲ್ಲ. ಮದುವೆ ವಿಡಿಯೊಗೆ ಸಿನಿಮಾ ಹಾಡು ಹಾಕಿದರೆ ಅದರ ಜಾಹೀರಾತು ಹಣ ಹಾಡಿನ ಕಂಪೆನಿಗೆ ಹೋಗಬಹುದು. ಶಾರ್ಟ್ಸ್ ಹಾಕಿ 4000 ಗಂಟೆ ತುಂಬಿಸುತ್ತೇನೆ ಎನ್ನುವವರಿಗೂ ಒಂದು ಮಾತು: ಶಾರ್ಟ್ಸ್ ಫೀಡಿನಲ್ಲಿ ಜನ ನೋಡಿದ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ.

ಇವೆಲ್ಲ ಚಾನೆಲಿಗೆ ಮಾತ್ರ ನಷ್ಟ. ಊರಿಗೇ ನಷ್ಟ ಮಾಡುವ ಅಡ್ಡದಾರಿ ಬೇರೆ. ನಮ್ಮ ಊರುಗಳ ನಡುವೆ ಎರಡು ಹೆದ್ದಾರಿ ಹೋಗುತ್ತವೆ, ಒಂದು ಮಾಣಿಯಿಂದ ಪುತ್ತೂರು, ಸುಳ್ಯ ದಾಟಿ ಮೈಸೂರಿಗೆ, ಇನ್ನೊಂದು ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಶಿರಾಡಿಗೆ. ಅಪಘಾತ ನಡೆದಾಗ ಮೊದಲು ಓಡುವುದು ಸಹಾಯಕ್ಕೆ ಎಂಬುದು ನಮ್ಮ ಊರಿನ ಮರ್ಯಾದೆ. ಈಗ ಒಂದು ಕೈ ಗಾಯಾಳುವನ್ನು ಎತ್ತುವಾಗ ಇನ್ನೊಂದು ಕೈ ಮೊಬೈಲ್ ಎತ್ತುತ್ತದೆ. ಮನೆಯವರಿಗೆ ಫೋನು ಹೋಗುವ ಮೊದಲು ರಕ್ತದ ವಿಡಿಯೊ ದುಬೈಗೆ ತಲುಪಿದರೆ ಅಲ್ಲಿ ಕೆಲಸದಲ್ಲಿರುವ ಅಣ್ಣನ ಗತಿ ಎಂತ? ಮಯ್ಯತ್ ಇಟ್ಟ ಮನೆಯ ಅಂಗಳದಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಗಂಡ-ಹೆಂಡತಿಯ ಜಗಳದಲ್ಲಿ ಕ್ಯಾಮರಾಕ್ಕೆ ಕೆಲಸ ಇಲ್ಲ. ಸಂಖ್ಯೆ ಬರುತ್ತದೆ, ಸತ್ಯ. ಒಂದೇ ರಾತ್ರಿ ಐವತ್ತು ಸಾವಿರ ಜನ ನೋಡಲೂಬಹುದು. ಅವರಲ್ಲಿ ಮರುದಿನ ಯಾರೂ ಆ ಚಾನೆಲಿಗೆ ಬರುವುದಿಲ್ಲ. ಊರಿನವರು ಮಾತ್ರ ಆ ಹುಡುಗನನ್ನು ಕಂಡರೆ ದೂರ ನಿಲ್ಲುತ್ತಾರೆ.

ಇದಕ್ಕಿಂತಲೂ ಭಯದ್ದು ಬೆಂಕಿಯಂಥ ತಲೆಬರಹ. ನಮ್ಮ ಜಿಲ್ಲೆ ಹೇಗೆ ಎಂದು ನಮಗೆ ಗೊತ್ತು. ಬಸ್ಸಿನಲ್ಲಿ ಇಬ್ಬರ ನಡುವೆ ಸೀಟಿಗಾಗಿ ಆದ ಜಗಳಕ್ಕೆ ಅವರ ಹೆಸರಿನ ಧರ್ಮ ಸೇರಿಸಿ ಶೀರ್ಷಿಕೆ ಕೊಟ್ಟರೆ ಸಂಜೆಗೆ ಎರಡು ಊರಿನ ಅಂಗಡಿ ಬಾಗಿಲು ಹಾಕಬೇಕಾಗುತ್ತದೆ. ಇದನ್ನು ಮಾಡುವವರು ಎಲ್ಲ ಕಡೆಯೂ ಇದ್ದಾರೆ. ಅವರು ಮಾಡಿದ್ದಾರೆ ಎಂದು ನಾವೂ ಮಾಡುವುದಕ್ಕೆ ನ್ಯಾಯ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ, 353ನೇ ಕಲಂ ಸುಳ್ಳು ಸುದ್ದಿಯಿಂದ ಭಯ, ಗಲಭೆ ಎಬ್ಬಿಸುವುದಕ್ಕೆ ಅನ್ವಯವಾಗುತ್ತದೆ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಮುಖ, ಶಾಲೆ ಹೇಳುವುದು ಪೋಕ್ಸೊ ಕಾಯಿದೆಯಲ್ಲಿ ಅಪರಾಧ. ಕೇಸು ಬೀಳುವುದು ಚಾನೆಲಿನ ಮೇಲೆ ಅಲ್ಲ, ಪಾಸ್‌ಪೋರ್ಟ್ ಮಾಡಿಸಿ ವಿದೇಶಕ್ಕೆ ಹೊರಟ ಹುಡುಗನ ಮೇಲೆ. ಕಾನೂನು ಬದಿಗಿರಲಿ, ಕೇಳಿದ್ದನ್ನೆಲ್ಲ ವಿಚಾರಿಸದೆ ಹೇಳಬಾರದು ಎಂಬುದು ನಮ್ಮ ಮದ್ರಸದ ಸಣ್ಣ ತರಗತಿಯ ಮಕ್ಕಳಿಗೂ ಗೊತ್ತಿರುವ ಪಾಠ. ಕ್ಯಾಮರಾ ಕೈಗೆ ಬಂತೆಂದು ಆ ಪಾಠಕ್ಕೆ ರಜೆ ಇಲ್ಲ.

ಇಷ್ಟು ಹೊತ್ತು ಹುಡುಗರಿಗೆ ಹೇಳಿಯಾಯಿತು. ಈಗ ಮನೆಯವರಿಗೆ. ಒಳ್ಳೆಯದನ್ನು ಮಾಡಿ ಎಂದು ಹೇಳಿ ನಾವು ನೋಡದಿದ್ದರೆ ಅವರು ಕೆಟ್ಟದನ್ನು ಮಾಡುವವರ ಹಿಂದೆ ಹೋಗುವುದು ಖಂಡಿತ. ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ.

ವಿಡಿಯೊ ಇಷ್ಟವಾದರೆ ಅದನ್ನು ಡೌನ್‌ಲೋಡ್ ಮಾಡಿ ವಾಟ್ಸ್ಆ್ಯಪಿನಲ್ಲಿ ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ. ಫೈಲಿನಲ್ಲಿ ಸಾವಿರ ಜನ ನೋಡಿದರೂ ಚಾನೆಲಿನ ಲೆಕ್ಕಕ್ಕೆ ಒಂದು ನಿಮಿಷವೂ ಸೇರುವುದಿಲ್ಲ. ನಮ್ಮ ಕಡೆಯ ಚಾನೆಲ್‌ಗಳು ಬೆಳೆಯದಿರಲು ಇದೊಂದು ದೊಡ್ಡ ಕಾರಣ. ವಾರಕ್ಕೊಮ್ಮೆ ಊಟದ ನಂತರ ಊರಿನ ಒಂದು ಒಳ್ಳೆಯ ವಿಡಿಯೊವನ್ನು ಟಿ.ವಿ.ಯಲ್ಲಿ ಎಲ್ಲರೂ ಕೂತು ಪೂರ್ತಿ ನೋಡಿ. ತಪ್ಪು ಕಂಡರೆ ಎಲ್ಲರೆದುರು ಬೈಯುವ ಬದಲು ಆ ಹುಡುಗನಿಗೆ ಫೋನು ಮಾಡಿ ಹೇಳಿ. ಅಪಘಾತದ, ಜಗಳದ ವಿಡಿಯೊ ಬಂದರೆ ತೆರೆಯಬೇಡಿ, ಮುಂದೆ ಕಳಿಸಬೇಡಿ. ನಮ್ಮ ಒಂದೊಂದು ವೀಕ್ಷಣೆಯೂ 'ಇಂಥದೇ ಇನ್ನೂ ಮಾಡು' ಎಂದು ಹೇಳಿದ ಹಾಗೆ.

ವ್ಯಾಪಾರಿಗಳೂ ಯೋಚಿಸಬೇಕು. ದರ್ಬೆಯ, ಬೆಳ್ಳಾರೆಯ, ಕಡಬ ಪೇಟೆಯ ಅಂಗಡಿಯವರಿಗೆ ಬೇಕಾದದ್ದು ಆಸುಪಾಸಿನ ಗಿರಾಕಿ. ನಾನ್ನೂರು ಮನೆ ನಂಬಿಕೆಯಿಂದ ನೋಡುವ ಚಾನೆಲಿಗೆ ತಿಂಗಳಿಗೆ ಒಂದು ಸಣ್ಣ ಮೊತ್ತ ಕೊಟ್ಟು ಜಾಹೀರಾತು ಹಾಕಿದರೆ ಅಂಗಡಿಗೂ ಲಾಭ, ಹುಡುಗನ ಡೇಟಾ ಮತ್ತು ಪೆಟ್ರೋಲು ಖರ್ಚೂ ಹುಟ್ಟುತ್ತದೆ. ಗೂಗಲಿನ 100 ಡಾಲರಿಗೆ ಕಾಯಬೇಕಾಗಿಲ್ಲ. ಅದು ಜಾಹೀರಾತು ಎಂದು ವಿಡಿಯೊದಲ್ಲಿ ಬಾಯಿಬಿಟ್ಟು ಹೇಳಿದರೆ ನಂಬಿಕೆಯೂ ಉಳಿಯುತ್ತದೆ. ಮಹಲ್ಲ್ ಕಮಿಟಿಯವರು ಉದ್ಘಾಟನೆಯ ವಿಡಿಯೊ ಪುಕ್ಕಟೆ ಮಾಡಿಸಿಕೊಳ್ಳುವುದನ್ನು ಬಿಟ್ಟು ಕೆಲಸಕ್ಕೆ ತಕ್ಕ ಕೂಲಿ ಕೊಡಲಿ.

ತಂದೆ-ತಾಯಂದಿರಲ್ಲಿ ಒಂದು ಕೋರಿಕೆ. ಪಿಯುಸಿ, ಡಿಪ್ಲೊಮಾ ಓದುತ್ತಿರುವ ಮಗ 'ಯೂಟ್ಯೂಬೇ ನನ್ನ ಕೆಲಸ' ಎಂದು ಪುಸ್ತಕ ಮುಚ್ಚಿದರೆ ಒಪ್ಪಬೇಡಿ. ಮೇಲಿನ ಲೆಕ್ಕ ತೋರಿಸಿ, ಅದರಿಂದ ಮನೆ ನಡೆಸುವುದು ಎಷ್ಟು ದೂರ ಎಂದು ಅವನೇ ತಿಳಿಯಲಿ. ಹಾಗೆಂದು ಮೊಬೈಲ್ ಕಿತ್ತುಕೊಳ್ಳಲೂ ಬೇಡಿ. ವಾರಕ್ಕೊಂದು ವಿಡಿಯೊ, ಅದಕ್ಕೆ ರಜಾದಿನದ ಅರ್ಧ ದಿನ ಎಂದು ಗಡಿ ಹಾಕಿ. ಮಾತಾಡಲು, ವಿಚಾರಿಸಲು, ಬರೆಯಲು, ಜನರ ಹತ್ತಿರ ಹೋಗಲು ಅವನು ಅದರಲ್ಲಿ ಕಲಿಯುತ್ತಾನೆ. ಚಾನೆಲ್ ನಿಂತರೂ ಆ ಕಲಿಕೆ ಎಲ್ಲಿಗೂ ಹೋಗುವುದಿಲ್ಲ.

ಚಾನೆಲ್ ನಡೆಸುವವರು ಮುಂದಿನ ವಿಡಿಯೊ ಮಾಡುವ ಮೊದಲು ಒಂದು ಕಾಗದ ತೆಗೆದು ಇದು ಯಾವ ಮನೆಗಳಿಗೆ ಉಪಯೋಗ ಎಂದು ಬರೆಯಲಿ. ಹತ್ತು ಮನೆಯ ಹೆಸರು ನೆನಪಿಗೆ ಬಂದರೆ ಮಾಡಲಿ, ಬಾರದಿದ್ದರೆ ಬೇರೆ ವಿಷಯ ಹುಡುಕಲಿ. ಆ ಹತ್ತು ನೂರಾಗಲು ಸಮಯ ಬೇಕು, ನೂರು ನಾನ್ನೂರಾಗಲು ಇನ್ನೂ ಬೇಕು. ಈ ವಾರ ನಾವು ಮಾಡಬೇಕಾದದ್ದು ಇಷ್ಟೇ: ನಮ್ಮ ಊರಿನಲ್ಲಿ ಕೆಲಸದ ಮಾತು ಹೇಳುವ ಒಂದು ಸಣ್ಣ ಚಾನೆಲ್ ಯಾವುದು ಎಂದು ಮಕ್ಕಳನ್ನು ಕೇಳಿ, ಒಂದು ವಿಡಿಯೊವನ್ನು ಕೊನೆಯವರೆಗೆ ನೋಡಿ, ಚೆನ್ನಾಗಿದ್ದರೆ ಲಿಂಕನ್ನು ಗಲ್ಫಿನಲ್ಲಿರುವ ಒಬ್ಬರಿಗೆ ಕಳಿಸುವುದು.